ಆಚಾರ್ಯರ ಗಂಟೆ ಲೆಕ್ಕ

ಬ್ಯಾಂಕಿನಿಂದ ರಿಟೈರ್ ಆದವನನ್ನು ಎರಡು ಕೆಲಸಗಳು ಹುಡುಕಿಕೊಂಡು ಬರುತ್ತವೆ. ಒಂದು ಸೊಸೈಟಿಯ ಲೆಕ್ಕ. ಇನ್ನೊಂದು ಯಾರದ್ದಾದರೂ ಫಾರ್ಮ್ ತುಂಬಿಸಿ ಕೊಡುವುದು. ನಾನು ರಿಟೈರ್ ಆದದ್ದು 2024ರ ಏಪ್ರಿಲ್‌ನಲ್ಲಿ. ಮೇ ತಿಂಗಳಲ್ಲಿ ಸೊಸೈಟಿಯವರು ಬಂದರು. ಜೂನ್‌ನಲ್ಲಿ ಆಚಾರ್ಯರು ಬಂದರು.

ಆಚಾರ್ಯರು ಅಂದರೆ ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಆಚಾರ್ಯರು. ಉಡುಪಿ ಕಡೆಯವರು. ದೊಡ್ಡ ಮಠದ ಅಧಿಕಾರಿ ಅಲ್ಲ, ಟಿವಿಯಲ್ಲಿ ಬರುವವರೂ ಅಲ್ಲ. ಪ್ರತಿ ಗುರುವಾರ ಸಂಜೆ ಒಂದು ಶಾಲೆಯ ಹಾಲ್‌ನಲ್ಲಿ ಗೀತೆ ಪಾಠ ಹೇಳುತ್ತಾರೆ. ಭಾನುವಾರ ಮಕ್ಕಳಿಗೆ ಸ್ತೋತ್ರ. ವಾರದಲ್ಲಿ ಎರಡು ದಿನ ಹೆಂಗಸರಿಗೆ ದಾಸರ ಪದ, ಅರ್ಥ ಸಹಿತ. ಮಧ್ಯೆ ಮಧ್ಯೆ ಯಾರದ್ದೋ ಮನೆಯ ಸತ್ಯನಾರಾಯಣ ಪೂಜೆ, ಇನ್ಯಾರದ್ದೋ ಮನೆಯ ಶ್ರಾದ್ಧ. ನನ್ನಂಥ ಬಂಟರ ಮನೆಯ ಹುಡುಗ ಅವರ ಪಾಠಕ್ಕೆ ಹೋಗಿ ಕೂತದ್ದು ಸುಮ್ನೆ ಒಂದು ದಿನ ಮಳೆಗೆ ಸಿಕ್ಕಿಹಾಕಿಕೊಂಡು. ಹದಿನೈದು ವರ್ಷದಿಂದ ಕೂತೇ ಇದ್ದೇನೆ.

ಅವತ್ತು ಅವರು ಚಪ್ಪಲಿ ಬಿಟ್ಟು ಒಳಗೆ ಬಂದವರೇ ಒಂದು ಪ್ರಿಂಟ್‌ಔಟ್ ಕೈಗಿಟ್ಟರು.

"ಶೆಟ್ರೇ, ಇದರಲ್ಲಿ ಎಂತ ಬರೆದದ್ದು ನೋಡಿ ಮಾರಾಯ್ರೇ. ನನಗೆ ಕಾಲು ಭಾಗ ಅರ್ಥ ಆಯ್ತು. ಆ ಕಾಲು ಭಾಗಕ್ಕೇ ಹೆದರಿಕೆ ಆಗ್ತಾ ಉಂಟು."

ಅಮೆರಿಕದ ಒಂದು ಊರಿನಲ್ಲಿ ಕನ್ನಡದವರು ಸೇರಿ ಕಟ್ಟಿದ ಕೃಷ್ಣನ ಗುಡಿ ಇದೆ. ಅಲ್ಲಿಯವರು ಇವರನ್ನು ಪಾಠ ಹೇಳಲು ಕರೆದಿದ್ದರು. ಮೊದಲಿಗೆ ಎರಡೂವರೆ ವರ್ಷ. ಎಲ್ಲ ಸರಿ ಹೋದರೆ ಮುಂದೆ ಗ್ರೀನ್ ಕಾರ್ಡ್‌ಗೂ ಹಾಕುವುದು ಅಂತ ಮಾತು. ಹೋಗಬೇಕಾದದ್ದು ಆರ್-1 ವೀಸಾದಲ್ಲಿ, ಅಂದರೆ ಧಾರ್ಮಿಕ ಕೆಲಸಕ್ಕೆ ಬರುವವರ ವೀಸಾ. ಅರ್ಜಿ ಹಾಕುವುದು ಗುಡಿಯವರು, ಐ-129 ಅನ್ನುವ ಫಾರ್ಮ್‌ನಲ್ಲಿ. ಆಚಾರ್ಯರ ಬಗ್ಗೆ ಕಾಗದಪತ್ರ ಒದಗಿಸಬೇಕಾದವರು ನಾವು. ನಾವು ಅಂದರೆ ನಾನು.

ಅವರು ಹೋದ ಮೇಲೆ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಇಲ್ಲಿಂದ ಕಳಿಸಲಿಕ್ಕೆ ನೀವೇ ಅರ್ಜಿ ಬರೆದುಕೊಡ್ತೀರಾ?" ನಾನು ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಹತ್ತು ತಿಂಗಳು ನನ್ನ ಜೊತೆಗೇ ಓಡಾಡಿತು.

ಪಾಠಕ್ಕೆ ಬರುವವರಲ್ಲಿ ಸುದ್ದಿ ಹರಡಿದ ಕೂಡಲೇ ಎರಡು ಪಕ್ಷ ಆಯಿತು. ಒಬ್ಬ ಹಿರಿಯರು ಎದ್ದು ನಿಂತು ಸಮುದ್ರ ದಾಟುವುದು ಶಾಸ್ತ್ರಕ್ಕೆ ಸರಿಯಾ ಅಂತ ಶುರು ಮಾಡಿದರು. ಉಡುಪಿಯ ಕಡೆಯವರಿಗೆ ಇದು ಹಳೆಯ ಜಗಳ. 2008ರಲ್ಲಿ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಪರ್ಯಾಯ ಪೀಠ ಏರುವಾಗ, ವಿದೇಶಕ್ಕೆ ಹೋಗಿ ಬಂದ ಯತಿಗಳು ಕೃಷ್ಣನ ಪೂಜೆ ಮಾಡಬಹುದಾ ಅಂತ ಎಷ್ಟು ಚರ್ಚೆ ಆಗಿತ್ತು! ಪರ್ಯಾಯ ನಡೆಯಿತು. 2024ರ ಜನವರಿಯಲ್ಲಿ ಅವರೇ ಮತ್ತೆ ಪೀಠ ಏರಿದರು. ಆಚಾರ್ಯರು ಹಿರಿಯರ ಮಾತು ಪೂರ್ತಿ ಕೇಳಿ, "ನಾನು ಯತಿ ಅಲ್ಲ, ಗೃಹಸ್ಥ. ಹೋಗುವ ಮೊದಲು ಮಠದಲ್ಲಿ ಕೇಳಿಯೇ ಹೋಗ್ತೇನೆ" ಅಂದರು. ಹಿರಿಯರು ಕೂತರು. ಅವರಿಗೆ ಶಾಸ್ತ್ರದ ಚಿಂತೆಗಿಂತ ಜಾಸ್ತಿ, ತನ್ನ ತಿಥಿ ಮಾಡಿಸುವವರು ಯಾರು ಅನ್ನುವ ಚಿಂತೆ ಇತ್ತು ಅಂತ ನನ್ನ ಅನುಮಾನ.

ಗುಡಿಯ ಪರವಾಗಿ ವಕೀಲೆಯೊಬ್ಬಳಿದ್ದಳು. ನನ್ನ ಮಗಳ ವಯಸ್ಸು. ಅಲ್ಲಿ ಬೆಳಿಗ್ಗೆ, ನಮಗೆ ರಾತ್ರಿ, ಜೂಮ್‌ನಲ್ಲಿ ಮಾತು. ಶಿಷ್ಯರ ಕಡೆಯಿಂದ ಒಂದು ಬೆಂಬಲ ಪತ್ರ ಬೇಕು ಅಂದಳು. ನಾನು ಮೂರು ರಾತ್ರಿ ಕೂತು ಬರೆದೆ. ಜ್ಞಾನದ ಸಾಗರ, ಕರುಣೆಯ ಮೂರ್ತಿ, ನಮ್ಮ ಬಾಳಿನ ದೀಪ ಅಂತೆಲ್ಲ ಇಂಗ್ಲಿಷಿನಲ್ಲಿ ಹೊಂದಿಸಿ ಎರಡು ಪುಟ. ಬರೆದು ಮುಗಿಸಿ ನನಗೇ ಕಣ್ಣು ತುಂಬಿ ಬಂತು. ಕಳಿಸಿದೆ.

"ಅಂಕಲ್, ಇದು ಪ್ರೇಮಪತ್ರ" ಅಂದಳು ಅವಳು. "ನನಗೆ ಬೇಕಾದದ್ದು ಸಾಕ್ಷಿ. ಅವರು ಎಷ್ಟು ದೊಡ್ಡವರು ಅನ್ನುವುದು ಬೇಡ. ಸೋಮವಾರ ಏನು ಮಾಡ್ತಾರೆ? ಮಂಗಳವಾರ ಏನು ಮಾಡ್ತಾರೆ? ನೀವು ಕಣ್ಣಾರೆ ನೋಡಿದ್ದು ಮಾತ್ರ ಬರೆಯಿರಿ."

ಬೇಜಾರಾಯಿತು. ಆದರೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ನಾನೂ ಇದನ್ನೇ ಮಾಡಿದ್ದೆ ಅಲ್ವಾ? ಸಾಲ ಕೇಳಲು ಬಂದವನು ತನ್ನ ಅಪ್ಪ ಎಂಥ ಮನುಷ್ಯ ಅಂತ ಹೇಳುತ್ತಾ ಕೂತರೆ, ಅದೆಲ್ಲ ಇರಲಿ, ಮೂರು ವರ್ಷದ ರಿಟರ್ನ್ ತನ್ನಿ ಅನ್ನುತ್ತಿದ್ದವನು ನಾನೇ.

ಆಗ ನನಗೆ ಪುಣೆ ನೆನಪಾಯಿತು. 1980ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಊರಿನಿಂದ ಬಂದು ನಾನು ಮೊದಲು ಕೆಲಸಕ್ಕೆ ಸೇರಿದ್ದು ಪುಣೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿಗೆ. ಟೇಬಲ್ ಒರೆಸುವ ಹುಡುಗ. ಕೋರೆಗಾಂವ್ ಪಾರ್ಕ್‌ನ ರಜನೀಶ್ ಆಶ್ರಮದಿಂದ ಕೇಸರಿ ಬಟ್ಟೆ, ಕೊರಳಲ್ಲಿ ಮಣಿಸರ ಹಾಕಿಕೊಂಡ ವಿದೇಶಿಯರು ದೋಸೆ ತಿನ್ನಲು ಬರುತ್ತಿದ್ದರು. ಸಾಂಬಾರನ್ನು ಬಟ್ಟಲೆತ್ತಿ ಸೂಪ್ ಹಾಗೆ ಕುಡಿಯುತ್ತಿದ್ದರು. ನಾವು ಹುಡುಗರು ಅಡುಗೆಮನೆಯ ಬಾಗಿಲಿನಿಂದ ನೋಡಿ ನಗುತ್ತಿದ್ದೆವು. 1981ರ ಜೂನ್ 1ಕ್ಕೆ ಅವರ ಗುರು ಮುಂಬೈಯಿಂದ ಅಮೆರಿಕಕ್ಕೆ ವಿಮಾನ ಹತ್ತಿದರು. ಆಮೇಲೆ ನೋಡುತ್ತಾ ನೋಡುತ್ತಾ ನಮ್ಮ ಹೋಟೆಲಿನ ಕೇಸರಿ ಬಣ್ಣ ಖಾಲಿ. ಮಾಲಕರಿಗೆ ದಿನದ ಗಲ್ಲಾ ಇಳಿದದ್ದೇ ದೊಡ್ಡ ದುಃಖ.

ಅದರ ಮುಂದಿನ ಕಥೆ ನಾನು ಪೇಪರಿನಲ್ಲಿ ಓದಿದ್ದು. ಚಿಕಿತ್ಸೆಗೆ ಅಂತ ಹೋದವರು, ಧರ್ಮಬೋಧಕನಾಗಿ ಅಲ್ಲೇ ನೆಲೆಸಲು ಅನುಮತಿ ಕೇಳಿದರು. 1982ರ ಡಿಸೆಂಬರ್‌ನಲ್ಲಿ ಅಲ್ಲಿಯ ವಲಸೆ ಇಲಾಖೆ ಆಗುವುದಿಲ್ಲ ಅಂದಿತು. ಆಗ ರಜನೀಶ್ ಸಾರ್ವಜನಿಕವಾಗಿ ಮೌನ ಹಿಡಿದಿದ್ದರು. ಮಾತೇ ಆಡದವರು ಬೋಧನೆ ಹೇಗೆ ಮಾಡುತ್ತಾರೆ ಅನ್ನುವುದೂ ಇಲಾಖೆಯ ಆಕ್ಷೇಪಗಳಲ್ಲಿ ಒಂದು. ಅವರ ಹತ್ತಿರ ದುಡ್ಡಿತ್ತು, ಶಿಷ್ಯರಲ್ಲೇ ವಕೀಲರಿದ್ದರು, ಹೋರಾಡಿದರು. ಕೊನೆಗೆ 1985ರ ನವೆಂಬರ್‌ನಲ್ಲಿ ಕೇಸು, ದಂಡ ಎಲ್ಲ ಆಗಿ ದೇಶ ಬಿಡಬೇಕಾಯಿತು. ಅದರ ಸರಿತಪ್ಪು ಬೇರೆ ಮಾತು, ನಮ್ಮ ಆಚಾರ್ಯರಿಗೂ ಅದಕ್ಕೂ ಎಲ್ಲಿಯ ಸಂಬಂಧ! ಆದರೆ ಮೌನದ ವಿಷಯ ಮಾತ್ರ ನನ್ನ ತಲೆಯಲ್ಲಿ ಕೂತಿತ್ತು. ಮೌನವೇ ಪಾಠ ಅಂತ ಶಿಷ್ಯನಿಗೆ ಅನ್ನಿಸಬಹುದು. ಆಫೀಸಿನವನಿಗೆ ಅದು ಖಾಲಿ ಕಾಲಂ.

ಹಾಗಾಗಿ ನಾನು ಗೆರೆ ಹಾಕಿದ ಉದ್ದ ಪುಸ್ತಕ ತಂದೆ. ಎರಡು ವರ್ಷದ ಲೆಕ್ಕ ಮಾಡಲು ಕೂತೆ. ಆಚಾರ್ಯರು ಎರಡು ವರ್ಷದಿಂದ ಗುಡಿಯವರ ಮಾಧ್ವ ಪಂಥಕ್ಕೇ ಸೇರಿದವರು ಅಂತ ತೋರಿಸಬೇಕಿತ್ತು. ಅದರ ಜೊತೆ ಕೆಲಸದ ದಾಖಲೆಯೂ ಇದ್ದರೆ ಒಳ್ಳೆಯದು ಅಂದಿದ್ದಳು ವಕೀಲೆ.

ಇಲ್ಲಿ ನನ್ನ ಒಂದು ಹಳೆಯ ಚಾಳಿ ಕೈ ಹಿಡಿಯಿತು. ಹೋಟೆಲಿನ ಗಲ್ಲಾದ ಪಕ್ಕ ಬಿಲ್ ಚುಚ್ಚಿಡುವ ಒಂದು ಕಬ್ಬಿಣದ ತಂತಿ ಇರುತ್ತಿತ್ತು. ಕೆಳಗೆ ಮರದ ಗುಂಡು, ಮೇಲೆ ಚೂಪು. ಅಂಥದ್ದೇ ಒಂದು ನನ್ನ ಮನೆಯಲ್ಲೂ ಇದೆ. ಗುರುವಾರದ ಹಾಲ್ ಬಾಡಿಗೆ ಕಟ್ಟುವವನು ನಾನು. ರಸೀದಿ ತಂದು ಅದಕ್ಕೆ ಚುಚ್ಚಿಬಿಡುವುದು ರೂಢಿ. ಹೆಂಡತಿ ಎಷ್ಟು ಸಲ ಬಿಸಾಡಲು ಹೊರಟಿದ್ದಳೋ! ತಂತಿ ಬಗ್ಗಿಸಿ ಒಂದೊಂದೇ ಬಿಡಿಸಿದೆ. ಎರಡು ವರ್ಷದಲ್ಲಿ ತೊಂಬತ್ತೇಳು ಗುರುವಾರ. ತುಕ್ಕು ಹಿಡಿದು ಕಾಗದದಲ್ಲಿ ಕಂದು ಬಣ್ಣದ ಉಂಗುರ. ಕೆಲವದರಲ್ಲಿ ತೂತು ಸರಿಯಾಗಿ ತಾರೀಖಿನ ಮೇಲೆಯೇ ಬಿದ್ದಿತ್ತು. ಸ್ಕ್ಯಾನ್ ಮಾಡುವ ಅಂಗಡಿಯ ಮರಾಠಿ ಹುಡುಗ, "ಕಾಕಾ, ಇದನ್ನು ಯಾವ ಕೋರ್ಟಿಗೆ ಕೊಡ್ತೀರಿ?" ಅಂತ ಕೇಳಿದ. ಅಮೆರಿಕಕ್ಕೆ ಅಂದೆ. ಅವನು ನನ್ನ ಮುಖ ನೋಡಿ ಸ್ಕ್ಯಾನ್ ಮುಂದುವರಿಸಿದ.

ಲೆಕ್ಕ ಮುಗಿದಾಗ ವಾರಕ್ಕೆ ಮೂವತ್ತಮೂರೂವರೆ ಗಂಟೆ ಬಂತು. ಖುಷಿಯಾಗಿ ಆಚಾರ್ಯರ ಮನೆಗೆ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು.

"ಗುರುವಾರ ಎರಡು ಗಂಟೆ ಅಂತ ಬರೆದಿದ್ದೀರಿ. ಪಾಠ ಒಂದೂವರೆಯೇ ಅಲ್ವಾ?"

"ಆಮೇಲೆ ಎಲ್ಲರೂ ನಿಂತು ಮಾತಾಡ್ತೇವಲ್ಲ ಆಚಾರ್ಯರೇ."

"ಅದು ಕ್ರಿಕೆಟ್ ಮಾತು. ತೆಗೀರಿ."

ತೆಗೆದೆ.

"ಇದೆಂತದು, ದಿನಕ್ಕೆ ಎರಡು ಗಂಟೆ?"

"ನಿಮ್ಮ ಸಂಧ್ಯಾವಂದನೆ, ಜಪ, ಮನೆಯ ದೇವರ ಪೂಜೆ."

ಅವರು ಕನ್ನಡಕ ತೆಗೆದು ಇಟ್ಟರು. "ಅದು ನನ್ನ ಕೆಲಸ ಅಲ್ಲ ಶೆಟ್ರೇ. ಅದು ನನ್ನದು. ಅದಕ್ಕೆ ಯಾರು ಸಂಬಳ ಕೊಡುವುದು? ನೀವು ಸ್ನಾನ ಮಾಡಿದ್ದನ್ನು ಬ್ಯಾಂಕಿನ ಡ್ಯೂಟಿ ಅಂತ ಬರೀತಿದ್ರಾ?"

ಹದಿನಾಲ್ಕು ಗಂಟೆ ಒಂದೇ ಏಟಿಗೆ ಹೋಯಿತು. ಉಳಿದದ್ದು ಹತ್ತೊಂಬತ್ತು. ನನಗೆ ಎದೆ ಧಸಕ್ ಅಂದಿತು. ಏಕೆಂದರೆ ಆರ್-1 ನಿಯಮದಲ್ಲಿ ವಾರಕ್ಕೆ ಸರಾಸರಿ ಇಪ್ಪತ್ತು ಗಂಟೆ ಕೆಲಸ ಅಂತ ಓದಿದ್ದೆ. ಇಪ್ಪತ್ತಕ್ಕೆ ಒಂದು ಕಡಿಮೆ! ಎಲ್ಲಾದರೂ ಒಂದು ಗಂಟೆ ಸೇರಿಸಿದರೆ ಯಾರಿಗೆ ನಷ್ಟ? ಫೋನಿನಲ್ಲಿ ಜನ ಕಷ್ಟ ಹೇಳಿಕೊಳ್ಳುವುದಕ್ಕೆ ಮೂರೂವರೆ ಅಂತ ಹಾಕಿದ್ದೆ, ಅದನ್ನೇ ನಾಲ್ಕೂವರೆ ಮಾಡಿದರೆ ಆಯಿತು. ಸುಳ್ಳೂ ಅಲ್ಲ, ಒಂದೊಂದು ವಾರ ಐದೂ ಆಗುತ್ತದೆ. ಆಚಾರ್ಯರಿಗೆ ಹೇಳಿದೆ. ಅವರು, "ನಿಮ್ಮ ಸಹಿ, ನಿಮ್ಮ ಇಷ್ಟ" ಅಂದು ಎದ್ದು ಹೋಗಿ ಮಜ್ಜಿಗೆ ತಂದುಕೊಟ್ಟರು. ಬೈದಿದ್ದರೆ ಸುಲಭ ಇತ್ತು. ಹತ್ತೊಂಬತ್ತೇ ಬರೆದೆ.

ರಾತ್ರಿ ವಕೀಲೆಗೆ ಅಳುಕಿನಿಂದಲೇ ಹೇಳಿದರೆ ಅವಳು ನಕ್ಕಳು. ಇಪ್ಪತ್ತು ಗಂಟೆ ಬೇಕಾದದ್ದು ಅಲ್ಲಿ ಕೊಡುವ ಕೆಲಸಕ್ಕೆ, ಇಲ್ಲಿ ಮಾಡಿದ್ದಕ್ಕೆ ಅಲ್ಲವಂತೆ. ಮುಂದೆ ಗ್ರೀನ್ ಕಾರ್ಡ್ ಕೇಳುವಾಗ ಮಾತ್ರ ಹಿಂದಿನ ಎರಡು ವರ್ಷ ಬಿಡದೆ ಮಾಡಿದ ಕೆಲಸ ತೋರಿಸಬೇಕು, ಮುಂದೆ ಕೊಡುವ ಕೆಲಸ ವಾರಕ್ಕೆ ಮೂವತ್ತೈದು ಗಂಟೆಯ ಪೂರ್ಣಾವಧಿ ಆಗಿರಬೇಕು. "ಅದು ಅಲ್ಲಿ ದುಡಿದ ಮೇಲಿನ ಮಾತು. ನೀವು ಯಾಕೆ ನಿದ್ದೆ ಕೆಡಿಸಿಕೊಂಡ್ರಿ?" ಅಂದಳು. ಮೊದಲೇ ಸರಿಯಾಗಿ ಕೇಳಬೇಕಿತ್ತು. ಅರ್ಧಂಬರ್ಧ ಓದಿ ತಲೆಕೆಡಿಸಿಕೊಳ್ಳುವುದು ನಮ್ಮಂಥವರ ರೋಗ.

ಅರ್ಜಿ ಅಕ್ಟೋಬರ್‌ನಲ್ಲಿ ಹೋಯಿತು. ಅಲ್ಲಿಯ ಇಲಾಖೆಯವರು ಗುಡಿಗೆ ಬಂದು ತಪಾಸಣೆ ಮಾಡಿದರಂತೆ. ಗುಡಿ ನಿಜವಾಗಿ ಇದೆಯಾ, ಆಚಾರ್ಯರು ಉಳಿಯುವ ಕೋಣೆ ಎಲ್ಲಿ, ಸಂಬಳ ಯಾರು ಕೊಡುವುದು ಅಂತ. ಜನವರಿಯಲ್ಲಿ ಒಂದು ಪತ್ರ ಬಂತು. ಇನ್ನೂ ಸಾಕ್ಷಿ ಬೇಕು. ಉತ್ತರಕ್ಕೆ 84 ದಿನ ಗಡುವು.

ಮುಖ್ಯ ಪ್ರಶ್ನೆ ಇದು: ಇವರು ಈ ಪಂಥದ ಸದಸ್ಯರು ಅನ್ನುವುದಕ್ಕೆ ಏನು ಪುರಾವೆ?

ಸದಸ್ಯರು! ನಮ್ಮಲ್ಲಿ ಹುಟ್ಟಿದ ಮೇಲೆ ರಿಜಿಸ್ಟರ್‌ನಲ್ಲಿ ಹೆಸರು ಬರೆಸುವ ಪದ್ಧತಿ ಎಲ್ಲಿದೆ? ಫೀಸು ಇಲ್ಲ, ಐಡಿ ಕಾರ್ಡ್ ಇಲ್ಲ. ನಾನು ತಲೆ ಕೆರೆದುಕೊಂಡು ಕೂತಿದ್ದಾಗ ಅಮ್ಮ, ಅಂದರೆ ಆಚಾರ್ಯರ ಹೆಂಡತಿ, "ಪ್ರತಿ ವರ್ಷ ಮುದ್ರೆ ಹಾಕಿಸಿಕೊಳ್ತಾರಲ್ಲ, ಅದು ಆಗುವುದಿಲ್ವಾ?" ಅಂದರು.

ಆಷಾಢದ ಪ್ರಥಮೈಕಾದಶಿ ದಿನ ಮಠದಲ್ಲಿ ಹೋಮದ ಬೆಂಕಿಯಲ್ಲಿ ಶಂಖ, ಚಕ್ರದ ಮುದ್ರೆ ಕಾಯಿಸಿ ಸ್ವಾಮಿಗಳು ತೋಳಿಗೆ ಒತ್ತುತ್ತಾರೆ. ಅದೇ ದಿನ ನಮ್ಮ ಮರಾಠಿ ನೆರೆಮನೆಯವರಿಗೆ ಆಷಾಢಿ ಏಕಾದಶಿ, ಪಂಢರಪುರದ ವಾರಿ, ಮನೆಯಲ್ಲಿ ಸಾಬುದಾಣೆ ಖಿಚಡಿ. ಮಾಧ್ವರಿಗೆ ನೀರೂ ಇಲ್ಲ. 2024ರ ಜುಲೈ 17ಕ್ಕೆ ಆಚಾರ್ಯರ ಜೊತೆ ನಾನೂ ಮುಂಬೈಯ ಒಂದು ಮಠಕ್ಕೆ ಹೋಗಿದ್ದೆ. ಉದ್ದದ ಸಾಲು. ಐಟಿ ಕಂಪನಿಯ ಹುಡುಗರು, ಕೈಕೂಸು ಎತ್ತಿಕೊಂಡ ತಾಯಂದಿರು. ಮುದ್ರೆ ಚರ್ಮಕ್ಕೆ ತಾಗಿದಾಗ ಸಣ್ಣದಾಗಿ ಚುರ್ ಅನ್ನುತ್ತದೆ. ಮಕ್ಕಳು ಕಿರುಚುತ್ತವೆ. ದೊಡ್ಡವರು ಕಿರುಚುವುದಿಲ್ಲ, ಅಷ್ಟೇ. ಇದಕ್ಕಿಂತ ಗಟ್ಟಿ ಸದಸ್ಯತ್ವ ಯಾವುದಿದೆ? ಆದರೆ ಕೆಲವು ವಾರದಲ್ಲಿ ಸಿಪ್ಪೆ ಎದ್ದು ಮಾಸಿಹೋಗುತ್ತದೆ. ಜನವರಿಯಲ್ಲಿ ಆಚಾರ್ಯರ ತೋಳು ಸ್ಕ್ಯಾನ್ ಮಾಡಿದರೂ ಏನೂ ಕಾಣುವುದಿಲ್ಲ.

ಮಠದಿಂದ ಪತ್ರ ತಂದೆವು. ಇಂತಿಂಥ ವರ್ಷದಿಂದ ಇವರು ನಮ್ಮಲ್ಲಿ ಮುದ್ರಾಧಾರಣೆ ಮಾಡಿಸಿಕೊಳ್ಳುತ್ತಿದ್ದಾರೆ, ಇಂಥವರಲ್ಲಿ ಶಾಸ್ತ್ರ ಓದಿದ್ದಾರೆ ಅಂತ ಚಂದದ ಕನ್ನಡ. ಕನ್ನಡದ ಕಾಗದ ಕೊಟ್ಟರೆ ಪೂರ್ತಿ ಇಂಗ್ಲಿಷ್ ಅನುವಾದ ಜೊತೆಗಿರಬೇಕು, ಅನುವಾದ ಮಾಡಿದವನು ತನಗೆ ಎರಡೂ ಭಾಷೆ ಬರುತ್ತದೆ ಅಂತ ಬರೆದು ಸಹಿ ಹಾಕಬೇಕು. ಹಗಲು ಹೋಟೆಲಿನಲ್ಲಿ ದುಡಿದು ಮುಂಬೈ ಕೋಟೆಯ, ಅಂದರೆ ಫೋರ್ಟ್‌ನ, ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದವನು ನಾನು. ಆ ಸಹಿ ಹಾಕುವಾಗ ನನ್ನ ಇಂಗ್ಲಿಷ್ ಮಾಸ್ತರರನ್ನು ನೆನೆದೆ.

ಮುದ್ರಾಧಾರಣೆಗೆ ಇಂಗ್ಲಿಷಿನಲ್ಲಿ ಏನು? ಯೋಚಿಸಿ ಯೋಚಿಸಿ 'ಸ್ಟ್ಯಾಂಪಿಂಗ್' ಅಂತ ಬರೆದೆ. ವಕೀಲೆ ಗಾಬರಿಯಾಗಿ ಫೋನ್ ಮಾಡಿದಳು. "ಅಂಕಲ್, ಇವರು ಪ್ರತಿ ವರ್ಷ ಜುಲೈನಲ್ಲಿ ಯಾವ ದೇಶಕ್ಕೆ ಸ್ಟ್ಯಾಂಪಿಂಗ್ ಮಾಡಿಸ್ತಾರೆ? ನನಗೆ ಯಾಕೆ ಮೊದಲೇ ಹೇಳಲಿಲ್ಲ?" ವೀಸಾದವರಿಗೆ ಸ್ಟ್ಯಾಂಪಿಂಗ್ ಅಂದರೆ ಒಂದೇ ಅರ್ಥ, ಪಾಸ್‌ಪೋರ್ಟಿಗೆ ವೀಸಾ ಒತ್ತಿಸುವುದು. ಆಮೇಲೆ ಕಾಯಿಸಿದ ಮುದ್ರೆ, ತೋಳು, ಹೋಮ ಅಂತ ಅರ್ಧ ಪುಟ ಬಿಡಿಸಿ ಬರೆದೆ.

ನನ್ನ ಹೇಳಿಕೆಗೆ ಅಂತ ಐನೂರರ ಸ್ಟ್ಯಾಂಪ್ ಪೇಪರ್ ತಂದು, ನೋಟರಿಯನ್ನೂ ಗೊತ್ತು ಮಾಡಿ ಇಟ್ಟಿದ್ದೆ. ಮಹಾರಾಷ್ಟ್ರದಲ್ಲಿ ನೂರರದ್ದು ನಿಂತು 2024ರ ಅಕ್ಟೋಬರ್‌ನಿಂದ ಐನೂರು ಆಗಿದೆ. ಅದು ಯಾವುದೂ ಬೇಡ ಅಂದಳು. ಬಿಳಿ ಹಾಳೆ ಸಾಕು. ಕೆಳಗೆ ಒಂದು ವಾಕ್ಯ: ಇದರಲ್ಲಿ ಸುಳ್ಳಿದ್ದರೆ ಅಮೆರಿಕದ ಕಾನೂನಿನಂತೆ ಶಿಕ್ಷೆಗೆ ಒಪ್ಪುತ್ತೇನೆ. ಡೊಂಬಿವಲಿಯ ಮೂರನೇ ಮಹಡಿಯಲ್ಲಿ ಕೂತು ಅದರ ಕೆಳಗೆ ಸಹಿ ಹಾಕುವಾಗ, ಆ ಹತ್ತೊಂಬತ್ತು ಗಂಟೆ ಹತ್ತೊಂಬತ್ತಾಗಿಯೇ ಉಳಿದದ್ದು ಎಷ್ಟು ಒಳ್ಳೆಯದಾಯಿತು ಅನ್ನಿಸಿತು. ಸ್ಟ್ಯಾಂಪ್ ಪೇಪರ್ ಇನ್ನೂ ಕಪಾಟಿನಲ್ಲಿದೆ. ಯಾರಿಗಾದರೂ ಬೇಕಾ?

ಮಾರ್ಚ್‌ನಲ್ಲಿ ಅರ್ಜಿ ಮಂಜೂರಾಯಿತು. ಅರ್ಧ ದಾರಿ ಅಷ್ಟೇ. ಇನ್ನು ಇಲ್ಲಿ ವೀಸಾ. ಆಚಾರ್ಯರಿಗೆ ಆರ್-1, ಅಮ್ಮನಿಗೆ ಆರ್-2. ತಲಾ 205 ಡಾಲರ್ ಫೀಸು. ಫೋಟೋ ಎರಡಿಂಚು ಚದರ, ಬಿಳಿ ಹಿನ್ನೆಲೆ, ಕನ್ನಡಕ ಇಲ್ಲ. ಸ್ಟುಡಿಯೋದವನು ಉಪಕಾರ ಮಾಡುವವನ ಹಾಗೆ ಆಚಾರ್ಯರ ಹಣೆಯ ಅಂಗಾರ, ಅಕ್ಷತೆಯನ್ನು ಕಂಪ್ಯೂಟರ್‌ನಲ್ಲಿ ಅಳಿಸಿ ಕೊಟ್ಟಿದ್ದ. ಹಣೆ ಪಾಲಿಶ್ ಮಾಡಿದ ಹಾಗಿತ್ತು. ಫೋಟೋ ತಿದ್ದುವಂತಿಲ್ಲ ಅಂತ ಮತ್ತೆ ತೆಗೆಸಿದೆವು.

ಫಾರ್ಮ್ ತುಂಬುವಾಗ ಇನ್ನೊಂದು ತಮಾಷೆ. ಆಚಾರ್ಯರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಹಾಗಿದ್ದರೆ ಅಮೆರಿಕದವರು ಇರುವ ಹೆಸರನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಗೋತ್ರ, ಪ್ರವರ ಸಮೇತ ಏಳು ತಲೆಮಾರು ಹೇಳಬಲ್ಲವರಿಗೆ ಇದು! ಅಮ್ಮ ಒಂದು ವಾರ ಅವರನ್ನು "ಫ್ನೂ ಅವರೇ, ಊಟಕ್ಕೆ ಬನ್ನಿ" ಅಂತಲೇ ಕರೆದರು.

ಬೆರಳಚ್ಚು ಕೊಡಲು ಸೋಮವಾರ ಮುಂಬೈಯ ಬಿಕೆಸಿಗೆ, ಅಂದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ ಹೋದೆವು. ಆಚಾರ್ಯರ ಬಲಗೈ ಹೆಬ್ಬೆರಳು, ತೋರುಬೆರಳು ಮಷೀನಿಗೆ ಹಿಡಿಯಲೇ ಇಲ್ಲವಂತೆ. ಹೊರಗೆ ಬಂದು ಕೈ ತೋರಿಸಿದರು. ನಾನು ಹದಿನೈದು ವರ್ಷದಲ್ಲಿ ಆ ಬೆರಳುಗಳನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ. ದಿನಾ ಕಲ್ಲಿನ ಮೇಲೆ ಗಂಧ ತೇಯ್ದು ತೇಯ್ದು ತುದಿ ನುಣ್ಣಗೆ, ನಾಣ್ಯ ಸವೆದ ಹಾಗೆ. ಹತ್ತಿರ ಹಿಡಿದರೆ ಗೆರೆಗಳು ಮಬ್ಬಾಗಿ ಮಾತ್ರ ಕಾಣುತ್ತಿದ್ದವು. ಒರೆಸಿ, ಒತ್ತಿ, ನಾಲ್ಕನೇ ಸಲ ಹೇಗೋ ಸಿಕ್ಕಿತಂತೆ. ಪತ್ರದಲ್ಲಿ ಗಂಟೆ ಬರೆದೆ, ರಸೀದಿ ಇಟ್ಟೆ. ಈ ಬೆರಳು ನನಗೆ ಹೊಳೆಯಲೇ ಇಲ್ಲ.

ಇಂಟರ್‌ವ್ಯೂ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ. ದಿನ ಆರಿಸಿದವನು ನಾನು, ಪಂಚಾಂಗ ನೋಡದೆ. ಆಚಾರ್ಯರು ನೋಡಿ, "ಶೆಟ್ರೇ, ದ್ವಾದಶಿ" ಅಂದರು. ಹಿಂದಿನ ದಿನ ಏಕಾದಶಿ, ಹನಿ ನೀರಿಲ್ಲ. ಸೂರ್ಯ ಹುಟ್ಟದೆ ಪಾರಣೆ ಇಲ್ಲ. ಏಪ್ರಿಲ್ ಶುರುವಿನಲ್ಲಿ ಮುಂಬೈ ಸೂರ್ಯ ಆರೂ ಇಪ್ಪತ್ತಕ್ಕೆ ಮೊದಲು ಏಳುವುದಿಲ್ಲ. ನಾನು ಅವರ ಮನೆಯ ಬಾಲ್ಕನಿಯಲ್ಲಿ ನಿಂತು ಪೂರ್ವಕ್ಕೂ ಗಡಿಯಾರಕ್ಕೂ ಕಣ್ಣು ಹಾಯಿಸುತ್ತಿದ್ದೆ. ಅಮ್ಮ ನಾಲ್ಕಕ್ಕೇ ಎದ್ದು ಅಡುಗೆ ಮುಗಿಸಿದ್ದರು. ಆರೂವರೆಗೆ ಎಲೆ ಹಾಕಿ, ಅಗಸೆ ಸೊಪ್ಪಿನ ಪಲ್ಯ, ಅನ್ನ, ಸಾರು. ಆಚಾರ್ಯರು ಅವಸರವೇ ಇಲ್ಲದೆ ಉಂಡರು. ನನಗೂ ಬಡಿಸಿದರು. ಆ ಹೊತ್ತಿನಲ್ಲಿ ಸಾರನ್ನ ಉಂಡು ಲೋಕಲ್ ಹತ್ತಿದ್ದು ಅದೇ ಮೊದಲು.

ಏಳರ ನಂತರದ ಡೊಂಬಿವಲಿ ಲೋಕಲ್ ಹೇಗಿರುತ್ತದೆ ಅಂತ ಹತ್ತಿದವರಿಗೆ ಗೊತ್ತು. ಫಸ್ಟ್ ಕ್ಲಾಸ್ ಅಂದರೂ ಜಾಸ್ತಿ ದುಡ್ಡು ಕೊಟ್ಟು ನಿಲ್ಲುವುದು, ಅಷ್ಟೇ. ಪಂಚೆ ಉಟ್ಟ ಆಚಾರ್ಯರು ಫೈಲನ್ನು ಎದೆಗೆ ಅವಚಿಕೊಂಡಿದ್ದರು. ಕುರ್ಲಾದಲ್ಲಿ ಇಳಿದದ್ದಲ್ಲ, ಜನರೇ ಇಳಿಸಿದರು. ಶೇರ್ ರಿಕ್ಷಾ ಹಿಡಿದು ಬಿಕೆಸಿ.

ಕಾನ್ಸುಲೇಟ್ ಒಳಗೆ ಮೊಬೈಲ್ ಬಿಡುವುದಿಲ್ಲ. ಅವರಿಬ್ಬರ ಫೋನ್, ಅಮ್ಮನ ಚೀಲ ಹಿಡಿದುಕೊಂಡು ನಾನು ರಸ್ತೆಯ ಈಚೆ ಬದಿ ಮರದ ನೆರಳಿನಲ್ಲಿ ನಿಂತೆ. ಆಚಾರ್ಯರ ಫೋನ್ ಎರಡು ಗಂಟೆಯಲ್ಲಿ ಇಪ್ಪತ್ಮೂರು ಸಲ ಹೊಡೆದುಕೊಂಡಿತು. ನಾಲ್ಕು ಎತ್ತಿದೆ. ಒಬ್ಬರಿಗೆ ಗೃಹಪ್ರವೇಶದ ಮುಹೂರ್ತ ಬೇಕಿತ್ತು. ಒಬ್ಬಳು ಹುಡುಗಿ ಆಚಾರ್ಯರ ಹತ್ತಿರವೇ ಮಾತಾಡಬೇಕು ಅಂದು ಅಳುತ್ತಿದ್ದಳು, ನನ್ನ ದನಿ ಕೇಳಿ ಇಟ್ಟುಬಿಟ್ಟಳು. ವಾರಕ್ಕೆ ಮೂರೂವರೆ ಗಂಟೆ ಅಂತ ಬರೆದದ್ದು ಕಡಿಮೆಯೇ ಆಯಿತು ಅಂತ ಆಗ ಗೊತ್ತಾಯಿತು. ಆ ಹುಡುಗಿ ಇನ್ನು ಮುಂದೆ ಯಾರಿಗೆ ಫೋನ್ ಮಾಡುತ್ತಾಳೆ ಅನ್ನುವ ಯೋಚನೆಯೂ ಬಂತು. ಬಾಗಿಲಲ್ಲಿ ವೀಸಾ ಸಿಗದೆ ಹೊರಗೆ ಬರುತ್ತಿದ್ದವರ ಮುಖ ನೋಡಿ, ಆಚಾರ್ಯರೂ ಹಾಗೇ ಬರಲಿ ಅಂತ ಒಂದು ಕ್ಷಣ ಅನ್ನಿಸಿದ್ದೂ ನಿಜ. ಅದನ್ನು ಅವರಿಗೆ ಹೇಳಿಲ್ಲ.

ಹತ್ತೂ ಮುಕ್ಕಾಲಿಗೆ ಬಂದರು. ಪಾಸ್‌ಪೋರ್ಟ್ ಒಳಗೇ ಇಟ್ಟುಕೊಂಡಿದ್ದರು, ಅಂದರೆ ಆಯಿತು ಅಂತ ಲೆಕ್ಕ.

"ಎಂತ ಕೇಳಿದ್ರು?"

"ಪಾಠಕ್ಕೆ ಎಷ್ಟು ಜನ ಬರ್ತಾರೆ ಅಂತ ಕೇಳಿದ್ರು. ಮಳೆ ಬಂದ್ರೆ ಹನ್ನೆರಡು, ಪ್ರಸಾದ ಇದ್ರೆ ಎಂಬತ್ತು ಅಂದೆ. ಆ ಹೆಂಗಸು ನಕ್ಕಳು."

"ಗಂಟೆ ಕೇಳಲಿಲ್ವಾ?"

"ಇಲ್ಲ."

ಹತ್ತು ತಿಂಗಳ ಪುಸ್ತಕ, ತೊಂಬತ್ತೇಳು ರಸೀದಿ. ಒಂದು ಪ್ರಶ್ನೆಯೂ ಇಲ್ಲ! ನಾವು ಅಲ್ಲಿಂದ ಸೀದಾ ಮಾಟುಂಗಾಕ್ಕೆ ಹೋದೆವು. ಆಚಾರ್ಯರು ಹೊರಗೆ ತಿನ್ನುವುದಿಲ್ಲ, ಮಾರ್ಕೆಟ್ಟಿನಲ್ಲಿ ತುಳಸಿ ಮಾಲೆ ಮತ್ತು ಬಾಳೆಲೆ ಕೊಂಡರು. ನಾನು ಒಬ್ಬನೇ ಕಾಫಿ ಕುಡಿದೆ.

ಮೇ ತಿಂಗಳಲ್ಲಿ ಹೊರಟರು. ಗುರುವಾರದ ಪಾಠ ಈಗ ಶನಿವಾರ ಬೆಳಿಗ್ಗೆ ಜೂಮ್‌ನಲ್ಲಿ, ಅವರಿಗೆ ಆಗ ಶುಕ್ರವಾರ ರಾತ್ರಿ. ಬರುವವರು ಕಡಿಮೆ. ಆ ಹಿರಿಯರು ಮಾತ್ರ ಎಲ್ಲರಿಗಿಂತ ಮೊದಲೇ ಲಾಗಿನ್ ಆಗಿ, ಮೈಕ್ ಬಂದ್ ಮಾಡದೆ ಕೆಮ್ಮುತ್ತಾ ಕೂತಿರುತ್ತಾರೆ.

ಹೋದ ಎರಡನೇ ವಾರ ಆಚಾರ್ಯರ ಫೋನ್ ಬಂತು.

"ಶೆಟ್ರೇ, ಇಲ್ಲಿ ಗುಡಿಯಲ್ಲಿ ದಿನಾ ನಾವೇ ಗಂಟೆ ಬರೆದಿಡಬೇಕಂತೆ. ಮುಂದೆ ಗ್ರೀನ್ ಕಾರ್ಡ್‌ಗೆ ಬೇಕು ಅಂತ ಆ ವಕೀಲೆ ಹೇಳಿದ್ದು. ನಿಮ್ಮ ಹಾಗೇ ಪುಸ್ತಕಕ್ಕೆ ಗೆರೆ ಹಾಕಿದ್ದೇನೆ. ಒಂದು ಸಂಶಯ ಉಂಟು."

"ಹೇಳಿ ಆಚಾರ್ಯರೇ."

"ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬ ಹುಡುಗ ಬಂದ. ಅಪ್ಪ ಊರಲ್ಲಿ ತೀರಿಕೊಂಡಿದ್ದಾರೆ, ಇವನಿಗೆ ಹೋಗಲಿಕ್ಕೆ ಆಗಲಿಲ್ಲ. ನಾನು ಎಂತದೂ ಹೇಳಲಿಲ್ಲ, ಸುಮ್ನೆ ಜೊತೆಗೆ ಕೂತಿದ್ದೆ. ಒಂದು ಗಂಟೆ ಆಗಿರಬಹುದು. ಅದನ್ನು ಯಾವ ಕಾಲಂಗೆ ಹಾಕುವುದು?"

ನಾನು ಸ್ವಲ್ಪ ಹೊತ್ತು ಯೋಚಿಸಿ, 'ಇತರೆ' ಅಂತ ಇನ್ನೊಂದು ಗೆರೆ ಎಳೆಯಿರಿ ಅಂದೆ.